ಬಹುಪದ ಸಮಾನಾರ್ಥಕಗಳು ಮತ್ತು ಪಠ್ಯ ಹುಡುಕಾಟದ ತಂತ್ರಾಂಶ: ಒಂದು ಚಾರಿತ್ರಿಕ ಅವಲೋಕನ

ಕಂಪ್ಯೂಟರಿನಲ್ಲಿ ಇಡೀ ಪಠ್ಯವನ್ನು ತುಂಬಿಟ್ಟರೆ ಬೇಕಾದದ್ದೆಲ್ಲ ಸಿಗುತ್ತದೆ ಎಂಬ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 1985ರಲ್ಲಿ. ಆ ವರ್ಷ ಅಮೆರಿಕದ ಡೇವಿಡ್ ಬ್ಲೇರ್ ಮತ್ತು ಎಂ. ಇ. ಮೇರನ್ ಒಂದು ಅಧ್ಯಯನವನ್ನು ಪ್ರಕಟಿಸಿದರು. ದೊಡ್ಡ ಮೊಕದ್ದಮೆಯೊಂದರ ಸುಮಾರು 40,000 ದಾಖಲೆಗಳು ಐಬಿಎಂನ ಸ್ಟೇರ್ಸ್ ತಂತ್ರಾಂಶದಲ್ಲಿದ್ದವು. ಬೇಕಾದ ಕಾಗದಗಳಲ್ಲಿ ಮುಕ್ಕಾಲು ಪಾಲು ಕೈಸೇರಿದೆ ಎಂದು ವಕೀಲರು ಭಾವಿಸಿದ್ದರು. ಪರೀಕ್ಷಿಸಿ ನೋಡಿದಾಗ ಸಿಕ್ಕಿದ್ದು ಸರಾಸರಿ ಶೇ. 20 ಮಾತ್ರ. ವಕೀಲರು ಹುಡುಕಿದ್ದು ‘ಅಪಘಾತ’ವನ್ನು, ಹೊಣೆ ಹೊರಬೇಕಾಗಿದ್ದವರು ತಮ್ಮ ಪತ್ರಗಳಲ್ಲಿ ಅದನ್ನೇ ‘ಘಟನೆ’, ‘ದುರದೃಷ್ಟಕರ ಸನ್ನಿವೇಶ’ ಎಂದೆಲ್ಲ ಬರೆದಿದ್ದರು.

ಎರಡು ವರ್ಷಗಳ ನಂತರ, 1987ರಲ್ಲಿ, ಜಾರ್ಜ್ ಫರ್ನಾಸ್ ಮತ್ತು ಸಂಗಡಿಗರು ಇದಕ್ಕೊಂದು ಅಳತೆ ಕೊಟ್ಟರು. ಒಂದೇ ವಸ್ತುವಿಗೆ ಇಬ್ಬರು ಒಂದೇ ಹೆಸರನ್ನು ಆರಿಸಿಕೊಳ್ಳುವ ಸಂಭವ ಶೇ. 20ಕ್ಕಿಂತ ಕಡಿಮೆ ಎಂದು ಅವರ ಪ್ರಯೋಗಗಳು ತೋರಿಸಿದವು.

ಗ್ರಂಥಾಲಯ ಕ್ಷೇತ್ರಕ್ಕೆ ಇದು ಹೊಸ ವಿಷಯವಾಗಿರಲಿಲ್ಲ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1960ರಲ್ಲೇ ‘ಮೆಶ್’ ಎಂಬ ವಿಷಯಶೀರ್ಷಿಕೆಗಳ ಪಟ್ಟಿಯನ್ನು ಹೊರತಂದಿತ್ತು. ಅದರಲ್ಲಿ ‘ಹಾರ್ಟ್ ಅಟ್ಯಾಕ್’ ಎಂದು ಹುಡುಕಿದವರನ್ನು ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ ಎಂಬ ಅಧಿಕೃತ ಶೀರ್ಷಿಕೆಗೆ ಕಳಿಸುವ ಏರ್ಪಾಡಿದೆ. ಕೇಂಬ್ರಿಜ್‌ನಲ್ಲಿ ಕರೆನ್ ಸ್ಪಾರ್ಕ್ ಜೋನ್ಸ್ 1964ರಲ್ಲಿ ಪೂರೈಸಿದ ಪಿಎಚ್‌.ಡಿ. ಪ್ರಬಂಧದ ವಿಷಯವೇ ಸಮಾನಾರ್ಥಕತೆ. ಗೆರಾರ್ಡ್ ಸಾಲ್ಟನ್ ರೂಪಿಸಿದ ‘ಸ್ಮಾರ್ಟ್’ ವ್ಯವಸ್ಥೆಯಲ್ಲೂ ಪರ್ಯಾಯಪದಗಳ ಕೋಶ ಸೇರಿತ್ತು. ಮೆಶ್‌ನಂಥ ಪಟ್ಟಿಯಲ್ಲಿ ಒಂದು ಹೆಸರಿಗೆ ಎಷ್ಟು ಪದಗಳಿದ್ದರೂ ತೊಡಕಿರಲಿಲ್ಲ, ಏಕೆಂದರೆ ಅಲ್ಲಿ ಶೀರ್ಷಿಕೆಯನ್ನು ಇಡಿಯಾಗಿ ಓದಿ ಕಾಗದಕ್ಕೆ ಹಚ್ಚುತ್ತಿದ್ದವನು ಮನುಷ್ಯ. ಆ ಕೆಲಸ ತಂತ್ರಾಂಶದ ಪಾಲಿಗೆ ಬಂದಾಗ ತೊಡಕು ಶುರುವಾಯಿತು.

ಆ ಚರಿತ್ರೆಯನ್ನು ಲೂಸೀನ್‌ನಲ್ಲಿ ಚೆನ್ನಾಗಿ ಓದಬಹುದು. ಡಗ್ ಕಟಿಂಗ್ ಬರೆದ ಈ ಮುಕ್ತ ತಂತ್ರಾಂಶ 2001ರಲ್ಲಿ ಅಪಾಚೆ ಸಂಸ್ಥೆಯ ಆಶ್ರಯಕ್ಕೆ ಬಂತು. ಯೋನಿಕ್ ಸೀಲಿ 2004ರಲ್ಲಿ ಸಿನೆಟ್ ಕಂಪನಿಗಾಗಿ ಆರಂಭಿಸಿದ ಸೋಲರ್, ಶೇ ಬ್ಯಾನನ್ 2010ರಲ್ಲಿ ಬಿಡುಗಡೆ ಮಾಡಿದ ಇಲಾಸ್ಟಿಕ್‌ಸರ್ಚ್ ಎರಡಕ್ಕೂ ಅದೇ ಅಡಿಪಾಯ. ಲೂಸೀನ್ ಪಠ್ಯವನ್ನು ಬಿಡಿಪದಗಳಾಗಿ, ಅಂದರೆ ಟೋಕನ್‌ಗಳಾಗಿ ಒಡೆದು, ಯಾವ ಪದ ಯಾವ ದಾಖಲೆಯ ಎಷ್ಟನೇ ಸ್ಥಾನದಲ್ಲಿದೆ ಎಂದು ಇಂಡೆಕ್ಸ್‌ನಲ್ಲಿ ಬರೆದಿಡುತ್ತದೆ. ‘ವೈದ್ಯ’ನಿಗೆ ‘ಡಾಕ್ಟರ್’ ಸಮಾನಾರ್ಥಕವಾದರೆ ಎರಡನ್ನೂ ಒಂದೇ ಸ್ಥಾನದಲ್ಲಿ ಕೂರಿಸಿದರಾಯಿತು.

ಒಂದು ಪದಕ್ಕೆ ಎರಡು ಪದಗಳ ಸಮಾನಾರ್ಥಕ ಬಂದಾಗ ಈ ಏರ್ಪಾಡು ಕುಸಿಯುತ್ತದೆ. ‘ಮಧುಮೇಹ ನಿಯಂತ್ರಣ ವಿಧಾನ’ ಎಂಬ ಶೀರ್ಷಿಕೆಯನ್ನು ತೆಗೆದುಕೊಳ್ಳೋಣ. ಮಧುಮೇಹ 1ನೇ ಸ್ಥಾನ, ನಿಯಂತ್ರಣ 2, ವಿಧಾನ 3. ಈಗ ‘ಸಕ್ಕರೆ ಕಾಯಿಲೆ’ಯನ್ನು ಸೇರಿಸಬೇಕು. ಸಕ್ಕರೆ 1ರಲ್ಲಿ ಮಧುಮೇಹದ ಜೊತೆ ಕೂರುತ್ತದೆ. ಕಾಯಿಲೆ 2ರಲ್ಲಿ ನಿಯಂತ್ರಣದ ಜೊತೆ. ಓದುಗರೊಬ್ಬರು ‘ಸಕ್ಕರೆ ಕಾಯಿಲೆ ನಿಯಂತ್ರಣ’ ಎಂಬ ಪದಪುಂಜವನ್ನು ಇದ್ದ ಹಾಗೇ ಹುಡುಕಿದರೆ ತಂತ್ರಾಂಶ ನಿಯಂತ್ರಣವನ್ನು 3ನೇ ಸ್ಥಾನದಲ್ಲಿ ನಿರೀಕ್ಷಿಸುತ್ತದೆ, ಅಲ್ಲಿರುವುದು ವಿಧಾನ. ಹಾಗಾಗಿ ಸಿಗಲೇಬೇಕಾದ ಲೇಖನ ಸಿಗುವುದಿಲ್ಲ. ಆದರೆ 1966ರ ಸಕ್ಕರೆ ನಿಯಂತ್ರಣ ಆದೇಶದ ಬಗ್ಗೆ ತಿಳಿಯಲು ‘ಸಕ್ಕರೆ ನಿಯಂತ್ರಣ’ ಎಂದು ಹುಡುಕಿದವರಿಗೆ ಈ ಮಧುಮೇಹದ ಲೇಖನ ಎದುರಾಗುತ್ತದೆ! ಸರಿಯಾದದ್ದು ತಪ್ಪಿಹೋಗಿ ತಪ್ಪಾದದ್ದು ಸಿಗುವ ಈ ದೋಷ ವರ್ಷಗಟ್ಟಲೆ ಉಳಿಯಿತು.

ಇಂಡೆಕ್ಸ್ ಮುಟ್ಟದೆ, ಹುಡುಕುವ ಹೊತ್ತಿನಲ್ಲೇ ಸಮಾನಾರ್ಥಕ ಸೇರಿಸಬಹುದಲ್ಲವೇ? ಅಲ್ಲೂ ಅಡ್ಡಿಯಿತ್ತು. ಬಳಕೆದಾರರು ಟೈಪ್ ಮಾಡಿದ ಪ್ರಶ್ನೆಯನ್ನು ಲೂಸೀನ್‌ನ ಕ್ವೆರಿ ಪಾರ್ಸರ್ ಮೊದಲೇ ಖಾಲಿ ಜಾಗಗಳಲ್ಲಿ ತುಂಡರಿಸುತ್ತಿತ್ತು. ಸಮಾನಾರ್ಥಕಗಳ ಫಿಲ್ಟರ್‌ಗೆ ‘ಸಕ್ಕರೆ’ ಬೇರೆ, ‘ಕಾಯಿಲೆ’ ಬೇರೆಯಾಗಿಯೇ ತಲುಪುತ್ತಿದ್ದವು. ಎರಡನ್ನೂ ಒಟ್ಟಿಗೆ ಕಾಣದ ಫಿಲ್ಟರ್ ‘ಮಧುಮೇಹ’ವನ್ನು ನೆನಪಿಸಿಕೊಳ್ಳುವುದಾದರೂ ಹೇಗೆ? ಈ ಕೊರತೆ 2010ರಲ್ಲೇ ಲೂಸೀನ್‌ನ ದೋಷಪಟ್ಟಿಯಲ್ಲಿ 2605ನೇ ಸಂಖ್ಯೆಯಾಗಿ ದಾಖಲಾಗಿತ್ತು. ಪರಿಹಾರ ಬಂದದ್ದು 2016ರಲ್ಲಿ, 6.2ನೇ ಆವೃತ್ತಿಯೊಂದಿಗೆ.

ನಡುವಿನ ವರ್ಷಗಳಲ್ಲಿ ಬಳಕೆದಾರರು ಕೈಕಟ್ಟಿ ಕೂರಲಿಲ್ಲ. ಜಿನೀವಾದ ಆರೋಗ್ಯ ಮಾಹಿತಿ ಸಂಸ್ಥೆ ‘ಹೆಲ್ತ್ ಆನ್ ದ ನೆಟ್’ಗಾಗಿ ನೋಲನ್ ಲಾಸನ್ 2012ರಲ್ಲಿ ಸೋಲರ್‌ಗೆ ಪ್ರತ್ಯೇಕ ಪಾರ್ಸರ್ ಒಂದನ್ನು ಬರೆದು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ರೋಗಿಗಳ ಆಡುಮಾತು ಮತ್ತು ವೈದ್ಯರ ಪರಿಭಾಷೆ ಎರಡನ್ನೂ ನಿಭಾಯಿಸಬೇಕಾದ ವೈದ್ಯಕೀಯ ಕ್ಷೇತ್ರದಿಂದಲೇ ಇಂಥ ಪ್ರಯತ್ನ ಬಂದದ್ದು ಸಹಜವೇ ಆಗಿತ್ತು.

ಮೂಲಕ್ಕೇ ಕೈಹಾಕಿದವರು ಮೈಕಲ್ ಮೆಕ್‌ಕ್ಯಾಂಡ್ಲೆಸ್. ಲೂಸೀನ್‌ನೊಳಗೆ ಹರಿಯುವ ಟೋಕನ್‌ಗಳು ಒಂದೇ ಸಾಲಿನಲ್ಲಿ ಸಾಗಬೇಕಿಲ್ಲ, ಕವಲೊಡೆದು ಮುಂದೆ ಕೂಡಿಕೊಳ್ಳುವ ದಾರಿಗಳಂತೆಯೂ ಇರಬಹುದು ಎಂಬುದನ್ನು 2012ರಲ್ಲಿ ಅವರು ವಿವರಿಸಿದರು. ಪ್ರತಿ ಟೋಕನ್‌ಗೂ ಅದರ ಸ್ಥಾನದ ಜೊತೆಗೆ, ಅದು ಎಷ್ಟು ಸ್ಥಾನಗಳನ್ನು ವ್ಯಾಪಿಸುತ್ತದೆ ಎಂಬ ಉದ್ದವನ್ನೂ ಕೊಡಲು ಸಾಧ್ಯವಾಯಿತು. ನಮ್ಮ ಉದಾಹರಣೆಯಲ್ಲಿ ಮಧುಮೇಹದ ಉದ್ದ 2. ಹಾಗಾಗಿ ಒಂದು ಕವಲಿನಲ್ಲಿ ಮಧುಮೇಹ, ಇನ್ನೊಂದರಲ್ಲಿ ಸಕ್ಕರೆ ಮತ್ತು ಕಾಯಿಲೆ. ಎರಡೂ ಕೂಡಿದ ಮೇಲೆ 3ನೇ ಸ್ಥಾನದಲ್ಲಿ ನಿಯಂತ್ರಣ. ಈ ತತ್ತ್ವವನ್ನು ಪೂರ್ಣವಾಗಿ ಅಳವಡಿಸಿಕೊಂಡ ಸಿನೊನಿಮ್ ಗ್ರಾಫ್ ಫಿಲ್ಟರ್ 2017ರ ಆರಂಭದಲ್ಲಿ ಲೂಸೀನ್ 6.4ರೊಂದಿಗೆ ಬಂತು. ಅದೇ ವರ್ಷ ಸೋಲರ್ 7ರಲ್ಲಿ, ಪ್ರಶ್ನೆಯನ್ನು ಖಾಲಿ ಜಾಗಗಳಲ್ಲಿ ತುಂಡರಿಸದಿರುವುದೇ ವಾಡಿಕೆಯ ನಡೆಯಾಯಿತು.

ಒಂದು ಮಿತಿ ಮಾತ್ರ ಉಳಿಯಿತು. ಟೋಕನ್‌ನ ಈ ಉದ್ದವನ್ನು ಇಂಡೆಕ್ಸ್ ಬರೆದಿಟ್ಟುಕೊಳ್ಳುವುದಿಲ್ಲ. ದಾಖಲೆಗಳನ್ನು ಇಂಡೆಕ್ಸ್ ಮಾಡುವಾಗ ಕವಲುಗಳನ್ನು ಮತ್ತೆ ಒಂದೇ ಸಾಲಿಗೆ ಇಳಿಸಲೇಬೇಕು. ಆದ್ದರಿಂದ ಬಹುಪದ ಸಮಾನಾರ್ಥಕಗಳನ್ನು ಹುಡುಕುವ ಹೊತ್ತಿನಲ್ಲಿ ಸೇರಿಸುವುದೇ ಸರಿಯಾದ ಮಾರ್ಗ. ಪಟ್ಟಿ ಬದಲಾದಾಗ ಇಡೀ ಇಂಡೆಕ್ಸನ್ನು ಮತ್ತೆ ಕಟ್ಟುವ ಶ್ರಮವೂ ಇದರಿಂದ ತಪ್ಪುತ್ತದೆ.

ಕನ್ನಡದ ಪಠ್ಯಕ್ಕೆ ಇದನ್ನು ಅನ್ವಯಿಸುವಾಗ ಇನ್ನೂ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು ವಿಭಕ್ತಿ. ಪಟ್ಟಿಯಲ್ಲಿರುವುದು ‘ಸಕ್ಕರೆ ಕಾಯಿಲೆ’. ಜನ ಬರೆಯುವುದು ‘ಸಕ್ಕರೆ ಕಾಯಿಲೆಗೆ’, ‘ಸಕ್ಕರೆ ಕಾಯಿಲೆಯಿಂದ’. ಪ್ರತ್ಯಯ ಅಂಟುವುದು ಕೊನೆಯ ಪದಕ್ಕೆ, ಆದರೆ ಅದರಿಂದ ಇಡೀ ಪದಪುಂಜದ ಹೊಂದಾಣಿಕೆ ತಪ್ಪುತ್ತದೆ. ಪ್ರತ್ಯಯ ಕಳಚುವ ಹಂತ ಸಮಾನಾರ್ಥಕಗಳ ಹಂತಕ್ಕಿಂತ ಮೊದಲೇ ಬರಬೇಕು. ಎರಡನೆಯದು ಸಮಾಸ. ‘ಸಕ್ಕರೆಕಾಯಿಲೆ’ ಎಂದು ಕೂಡಿಸಿ ಬರೆಯುವವರೂ ಬಿಡಿಸಿ ಬರೆಯುವವರೂ ಇದ್ದಾರೆ. ಪಟ್ಟಿಯಲ್ಲಿ ಎರಡೂ ರೂಪಗಳಿರಬೇಕು. ಭಾರತೀಯ ಲಿಪಿಗಳಿಗಾಗಿ ಲೂಸೀನ್‌ನಲ್ಲಿರುವ ಸಾಮಾನ್ಯ ಸಂಸ್ಕರಣೆಯಲ್ಲಿ ಕನ್ನಡ ಲಿಪಿಯೂ ಸೇರಿದೆ. ಆದರೆ ಹಿಂದಿ, ಬಂಗಾಳಿ, ತಮಿಳು, ತೆಲುಗುಗಳಿಗಾಗಿ ಪ್ರತ್ಯೇಕ ಅನಲೈಜರ್‌ಗಳನ್ನು ಒಳಗೊಂಡ 9.0ನೇ ಆವೃತ್ತಿಯಲ್ಲಿ ಕನ್ನಡಕ್ಕೆ ಅಂಥದ್ದು ಇರಲಿಲ್ಲ.

ಯಂತ್ರದ ಕಡೆಯ ಕೆಲಸ ಬಹುಪಾಲು ಮುಗಿದಿದೆ. ಈಗ ಬೇಕಾಗಿರುವುದು ಭಾಷೆ ಬಲ್ಲವರ ಕೆಲಸ. ಸೋಲರ್ ಆಗಲಿ, ಇಲಾಸ್ಟಿಕ್‌ಸರ್ಚ್ ಆಗಲಿ ಕೇಳುವುದು ಒಂದು ಸರಳ ಪಠ್ಯ ಕಡತವನ್ನು: ಸಮಾನಾರ್ಥಕಗಳ ಒಂದೊಂದು ಗುಂಪಿಗೆ ಒಂದೊಂದು ಸಾಲು, ಹೆಸರುಗಳ ನಡುವೆ ಅಲ್ಪವಿರಾಮ. ಆರೋಗ್ಯ, ಕೃಷಿ, ಕಾನೂನು ಕ್ಷೇತ್ರಗಳ ಪದಕೋಶಗಳನ್ನು ಸಿದ್ಧಪಡಿಸುವ ವಿಶ್ವವಿದ್ಯಾಲಯಗಳೂ ಇಲಾಖೆಗಳೂ ಅವನ್ನು ಯುನಿಕೋಡ್‌ನಲ್ಲಿ, ಆಡುಮಾತಿನ ಪರ್ಯಾಯಗಳನ್ನೂ ಸೇರಿಸಿ, ಇಂಥ ಕಡತಗಳಾಗಿ ಮುಕ್ತವಾಗಿ ಪ್ರಕಟಿಸಬೇಕು.