ಮಣಿಪಾಲ ಮುಟ್ಟುವ ಮೊದಲು

‘ನಮ್ಮಲ್ಲಿ ರೋಗಿಗಳಿಗೇನು ಬರವಿಲ್ಲ, ಕೇಳಿದ ಕಡೆ ತಂದೆತಾಯಿ ಸಹಿ ಹಾಕುತ್ತಾರೆ, ಸಂಶೋಧನೆಗೆ ಇದಕ್ಕಿಂತ ಅನುಕೂಲದ ದೇಶ ಯಾವುದು?’ ಮಕ್ಕಳ ವೈದ್ಯರ ಸಮ್ಮೇಳನಗಳಲ್ಲಿ ಈ ಮಾತು ಈಚೆಗೆ ತುಸು ಹೆಚ್ಚೇ ಕೇಳಿಸುತ್ತಿದೆ. ರಾತ್ರಿ ಎರಡು ಗಂಟೆಗೆ ಕ್ಯಾಶುವಾಲ್ಟಿಯಲ್ಲಿ ನಿಂತವರು ಯಾರೂ ಹೀಗೆ ಹೇಳಲಾರರು.

ತುರ್ತು ಚಿಕಿತ್ಸೆಯ ಸಂಶೋಧನೆ ನಮ್ಮ ದೇಶದಲ್ಲಿ ಬೆಳೆದದ್ದು ಅನುಕೂಲದಿಂದಲ್ಲ, ಅನಿವಾರ್ಯತೆಯಿಂದ. 1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡ್ರಿಪ್ ಬಾಟಲಿಗಳು ಮುಗಿಯುತ್ತ ಬಂದಾಗ ವೈದ್ಯ ದಿಲೀಪ್ ಮಹಾಲನಬಿಸ್ ಉಪ್ಪು-ಗ್ಲೂಕೋಸಿನ ನೀರನ್ನು ಮನೆಯವರ ಕೈಗೇ ಕೊಟ್ಟರು. ಕಾಲರಾ ಸಾವು ಗಣನೀಯವಾಗಿ ಇಳಿಯಿತು. ಮುಂದೆ ಮಹಾರಾಷ್ಟ್ರದ ಕೊಂಕಣದ ಮಹಾಡ್‌ನಲ್ಲಿ ವೈದ್ಯ ಹಿಮ್ಮತರಾವ್ ಬಾವಸ್ಕರ್ ಕೆಂಪು ಚೇಳು ಕಡಿದವರ ಹಾಸಿಗೆಯ ಪಕ್ಕ ಕೂತು ರಕ್ತದೊತ್ತಡ ಬರೆದಿಡುತ್ತ, ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆ ಜೀವ ಉಳಿಸುತ್ತದೆಂದು 1980ರ ದಶಕದಲ್ಲಿ ಜಗತ್ತಿಗೆ ತೋರಿಸಿದರು. ಅದರ ಜೊತೆಗೆ ಚೇಳಿನ ವಿಷನಿರೋಧಕವನ್ನೂ ಕೊಟ್ಟರೆ ಬೇಗ ಗುಣವಾಗುತ್ತದೆಂಬ ಅವರ 70 ರೋಗಿಗಳ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಪುದುಚೇರಿಯ ಜಿಪ್ಮರ್ 2014ರಲ್ಲಿ ಮಕ್ಕಳಲ್ಲೂ ಅದನ್ನೇ ಕಂಡಿತು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತ್ಯುತ್ತಮ ಕೆಲಸ ಇವತ್ತಿಗೂ ಬನಗಾಂವ್, ಮಹಾಡ್‌ಗಳದೇ. ದೊಡ್ಡ ಆಸ್ಪತ್ರೆಯ ಬಾಗಿಲಿಗೆ ಬರುವ ಮೊದಲೇ ನಡೆದದ್ದು.

ನಮ್ಮ ತಲೆಮಾರಿನವರ ಜಗಳವೆಲ್ಲ ಡ್ರಿಪ್‌ನದು. ರಕ್ತಸಂಚಾರ ಕುಸಿದು ಶಾಕ್‌ಗೆ ಹೋದ ಮಗುವಿಗೆ ದ್ರವವನ್ನು ಎಷ್ಟು ವೇಗದಲ್ಲಿ ಕೊಡಬೇಕು? 2008ರಲ್ಲಿ ಚೆನ್ನೈನ ಮಕ್ಕಳ ಆಸ್ಪತ್ರೆಯಲ್ಲಿ ಇಂದುಮತಿ ಸಂತಾನಂ ಅವರ ತಂಡ 147 ಮಕ್ಕಳಲ್ಲಿ ಎರಡು ವೇಗಗಳನ್ನು ಹೋಲಿಸಿತು; ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. 2011ರಲ್ಲಿ ಆಫ್ರಿಕಾದ ಮೂರು ದೇಶಗಳ ‘ಫೀಸ್ಟ್’ ಅಧ್ಯಯನ ಎಲ್ಲರನ್ನೂ ಬೆಚ್ಚಿಬೀಳಿಸಿತು. ಮೂರು ಸಾವಿರಕ್ಕೂ ಹೆಚ್ಚು ಮಕ್ಕಳು. ರಭಸದಿಂದ ದ್ರವ ಪಡೆದವರಲ್ಲಿ 48 ಗಂಟೆಯೊಳಗಿನ ಸಾವು ಶೇ. 10.5ರ ಆಸುಪಾಸು, ಹಾಗೆ ಪಡೆಯದವರಲ್ಲಿ ಶೇ. 7.3. ಅದನ್ನು ಓದಿದ ಕೆಲವರು ಡೆಂಗಿ ಶಾಕ್‌ಗೂ ಡ್ರಿಪ್ ಕೊಡಲು ಹೆದರಿದರು. ಫೀಸ್ಟ್‌ನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಮಲೇರಿಯಾ ಇತ್ತು, ಅಲ್ಲಿ ವೆಂಟಿಲೇಟರ್ ಇರಲಿಲ್ಲ, ವಾಂತಿಭೇದಿಯ ಮಕ್ಕಳನ್ನು ಸೇರಿಸಿಕೊಂಡೇ ಇರಲಿಲ್ಲ ಎಂಬುದನ್ನು ನೋಡುವ ತಾಳ್ಮೆ ಯಾರಿಗಿತ್ತು? ದಿಲ್ಲಿಯ ಏಮ್ಸ್ 2017ರಲ್ಲಿ ತೋರಿಸಿದ್ದು ನಡುದಾರಿ: ಒಂದೊಂದು ಕಂತನ್ನು 5-10 ನಿಮಿಷದ ಬದಲು 15-20 ನಿಮಿಷದಲ್ಲಿ ಕೊಟ್ಟರೆ ವೆಂಟಿಲೇಟರ್ ಬೇಕಾಗುವ ಮಕ್ಕಳು ಕಡಿಮೆ.

ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕಲು ಅಮೆರಿಕದಲ್ಲಿ 2001ರಿಂದಲೇ ಮಕ್ಕಳ ತುರ್ತು ವಿಭಾಗಗಳ ಸಂಶೋಧನಾ ಜಾಲವಿದೆ. ಬ್ರಿಟನ್ನಿನಲ್ಲಿ ನಿಲ್ಲದ ಫಿಟ್ಸ್ ಕುರಿತ ‘ಎಕ್ಲಿಪ್ಸ್’ ಪ್ರಯೋಗ (2019) 30 ಆಸ್ಪತ್ರೆಗಳಲ್ಲಿ ನಡೆಯಿತು. ಮೊದಲು ಔಷಧಿ, ಮಗು ಸುಧಾರಿಸಿದ ಮೇಲೆ ತಂದೆತಾಯಿಯ ಒಪ್ಪಿಗೆ. ನಮ್ಮಲ್ಲಿ ಹೆಚ್ಚಿನ ಸಂಶೋಧನೆ ಎಂ.ಡಿ. ವಿದ್ಯಾರ್ಥಿಯ ಪ್ರಬಂಧ. ಒಂದೇ ಆಸ್ಪತ್ರೆ, ಒಂದೆರಡು ಮಳೆಗಾಲ, ಪರೀಕ್ಷೆ ಮುಗಿದರೆ ಕಡತವೂ ಮುಗಿಯಿತು.

ಒಪ್ಪಿಗೆಯ ಮಾತಿಗೆ ಬರೋಣ. 2017ರ ಐಸಿಎಂಆರ್ ಮಾರ್ಗಸೂಚಿಯಂತೆ 7ರಿಂದ 12 ವರ್ಷದ ಮಗುವಿನ ಬಾಯಿಮಾತಿನ ಸಮ್ಮತಿ, ಅದಕ್ಕೆ ಮೇಲ್ಪಟ್ಟು 18ರವರೆಗೆ ಲಿಖಿತ ಸಮ್ಮತಿ, ಜೊತೆಗೆ ಹೆತ್ತವರ ಸಹಿ ಬೇಕು. ಸರಿಯಾದ ನಿಯಮವೇ. ಆದರೆ 1956ರ ಹಿಂದೂ ಅಪ್ರಾಪ್ತವಯಸ್ಕರ ಕಾಯಿದೆ ಮಗುವಿನ ಸಹಜ ಪೋಷಕ ತಂದೆ, ಅವನ ನಂತರ ತಾಯಿ ಎನ್ನುತ್ತದೆ. ತಂದೆ ದೂರವಿದ್ದರೆ ತಾಯಿಯೇ ಪೋಷಕಿ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಅರ್ಥೈಸಬೇಕಾಯಿತು. ನಮ್ಮ ಕರಾವಳಿಯ ಕಡೆ ಅಪ್ಪ ದುಬೈಯಲ್ಲೋ ಮುಂಬೈ ಹೋಟೆಲಿನಲ್ಲೋ ಇರುತ್ತಾನೆ, ಅಮ್ಮ ಕೆಲಸಕ್ಕೆ ಹೋಗಿರುತ್ತಾಳೆ, ಮಗುವನ್ನು ಎತ್ತಿಕೊಂಡು ಬರುವುದು ಅಜ್ಜಿ. ಅಜ್ಜಿಯ ಸಹಿ ನಡೆಯುವುದಿಲ್ಲ. ಮನೆಯಲ್ಲಿ ತುಳುವೋ ಬ್ಯಾರಿಯೋ ಆಡುವ ಆಕೆಯ ಮುಂದೆ ನಾವು ಹಿಡಿಯುವುದು ಹತ್ತು ಪುಟದ ಗ್ರಾಂಥಿಕ ಕನ್ನಡ.

ನಂದಿಕೂರಿನ ಮಗುವಿಗೆ ಜ್ವರ ಏರಿ ಫಿಟ್ಸ್ ಬಂತೆನ್ನಿ. ಮೊದಲು ಮುಷ್ಟಿಯೊಳಗೆ ಕಬ್ಬಿಣದ ಬೀಗದ ಕೈ. ಮೂಗಿಗೆ ಈರುಳ್ಳಿ. ಆಮೇಲೆ ರಿಕ್ಷಾ, ಪಡುಬಿದ್ರಿಯ ಡಾಕ್ಟರು, ಒಂದು ಇಂಜೆಕ್ಷನ್. ಅಲ್ಲಿಂದ ದಕ್ಷಿಣಕ್ಕೆ ಮಂಗಳೂರು, ಉತ್ತರಕ್ಕೆ ಮಣಿಪಾಲ. ಅರ್ಧ-ಮುಕ್ಕಾಲು ಗಂಟೆಯ ದಾರಿ. ಬೀಗದ ಕೈ ಇನ್ನೂ ಮುಷ್ಟಿಯಲ್ಲಿರುವಂತೆಯೇ ಮಗು ನಮ್ಮ ಟ್ರಾಲಿಯ ಮೇಲೆ ಬರುತ್ತದೆ. ಕಳಿಸಿದ ಚೀಟಿಯಲ್ಲಿ ಔಷಧಿಯ ಹೆಸರಿರುತ್ತದೆ, ಕೊಟ್ಟ ಸಮಯ ಇರುವುದಿಲ್ಲ. ಫಿಟ್ಸ್ ಎಷ್ಟು ನಿಮಿಷ ಇತ್ತೆಂದು ಕೇಳಿದರೆ ‘ತುಂಬ ಹೊತ್ತು’ ಎಂಬ ಉತ್ತರ. ಸಂಶೋಧಕನ ಪಟ್ಟಿಯಲ್ಲಿ ಆ ಮಗುವಿನ ಮುಂದೆ ಬೀಳುವ ಷರಾ: ‘ಮೊದಲೇ ಚಿಕಿತ್ಸೆ ಪಡೆದಿದೆ, ಕೈಬಿಡಲಾಗಿದೆ.’ ಹೀಗೆ ಕೈಬಿಟ್ಟವರೇ ನಮ್ಮ ನಿಜವಾದ ರೋಗಿಗಳು. ಉಳಿದವರು ಆಸ್ಪತ್ರೆಯ ಹತ್ತಿರದವರು, ಹೆಚ್ಚಾಗಿ ಹಗಲು ಬಂದವರು. ಅವರ ಲೆಕ್ಕದಿಂದ ನಾವು ಎಲ್ಲರಿಗೂ ಚಿಕಿತ್ಸೆ ಬರೆಯುತ್ತೇವೆ. ಸಂಶೋಧನಾ ಸಹಾಯಕರು ಸಂಜೆ ಐದಕ್ಕೆ ಮನೆಗೆ ಹೋಗುವ ವಿಭಾಗದಲ್ಲಿ ಇನ್ನೇನಾದೀತು!

ಇದನ್ನು ಸರಿಪಡಿಸಲು ದೊಡ್ಡ ಅನುದಾನ ಬೇಕಿಲ್ಲ. 1953ರಲ್ಲಿ ಟಿ.ಎಂ.ಎ. ಪೈ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಕಟ್ಟಿದ ಜಿಲ್ಲೆಯಿದು. ಕಾರ್ಕಳದಲ್ಲಿ ಅವರ ಹೆಸರಿನ ರೋಟರಿ ಆಸ್ಪತ್ರೆಯಿದೆ, ತಾಲ್ಲೂಕು ಆಸ್ಪತ್ರೆಗಳಿವೆ, 2008ರಿಂದ 108 ಆಂಬ್ಯುಲೆನ್ಸ್ ಓಡುತ್ತಿದೆ. ಎಲ್ಲ ಕಡೆಗೂ ಒಂದೇ ಬಗೆಯ ಒಂದು ಪುಟದ ರೆಫರಲ್ ಚೀಟಿ ಕೊಡಿ: ಫಿಟ್ಸ್ ಅಥವಾ ಶಾಕ್ ಶುರುವಾದ ಸಮಯ, ಮೊದಲ ಔಷಧಿ, ಅದರ ಪ್ರಮಾಣ, ಕೊಟ್ಟ ಗಳಿಗೆ. ಎಂ.ಡಿ. ಪ್ರಬಂಧಗಳು ಒಂದರ ನಂತರ ಒಂದು ಅದೇ ಚೀಟಿಯ ಮೇಲೆ ಬೆಳೆಯಲಿ. ಮಣಿಪಾಲದ, ಮಂಗಳೂರಿನ ಮಕ್ಕಳ ವಿಭಾಗಗಳವರು ಬರುವ ಮಳೆಗಾಲದೊಳಗೆ ಒಮ್ಮೆ ಕೂತು ಆ ಪುಟವನ್ನು ಅಚ್ಚು ಹಾಕಿಸಲಿ. ಪಡುಬಿದ್ರಿಯ ಡಾಕ್ಟರನ್ನೂ ಕರೆಯಲಿ.