ಕಿರು ಫೆಲನಾಪ್ಸಿಸ್ ಸಂಕರಗಳು

ಆರ್ಕಿಡೇಸೀ ಕುಟುಂಬದ ಫೆಲನಾಪ್ಸಿಸ್ ಕುಲದಲ್ಲಿ ಸಂಕರಣದಿಂದ ಪಡೆದ ಗಿಡ್ಡ ಅಲಂಕಾರ ಸಸ್ಯಗಳು. ಅಂಗೈ ಅಗಲದ ಕುಂಡದಲ್ಲಿ ಬಾಳುತ್ತವೆ. ಕವಲೊಡೆದ ಹೂದಂಡಿನಲ್ಲಿ ಚಿಕ್ಕ ಹೂಗಳು ಹತ್ತಾರು ಅರಳಿ ವಾರಗಟ್ಟಲೆ ನಿಲ್ಲುತ್ತವೆ. ಕುಲನಾಮವನ್ನು 1825ರಲ್ಲಿ ಬ್ಲೂಮೆ ಕೊಟ್ಟ. ಪತಂಗವನ್ನು ಹೋಲುವುದು ಎಂಬುದು ಅದರ ಗ್ರೀಕ್ ಮೂಲದ ಅರ್ಥ.

ವಂಶ ಮತ್ತು ಇತಿಹಾಸ

ಈ ಗುಂಪಿನ ಗಿಡ್ಡತನ ಬಹುಮಟ್ಟಿಗೆ ಒಂದೇ ಪ್ರಭೇದದ ಕೊಡುಗೆ: ಫಿಲಿಪ್ಪೀನ್ಸ್ ಮತ್ತು ತೈವಾನಿನ ಕಿರುದ್ವೀಪವೊಂದರ ಫೆಲನಾಪ್ಸಿಸ್ ಈಕ್ವೆಸ್ಟ್ರಿಸ್. ಇದರ ಗುಲಾಬಿ ಹೂವಿನ ಅಗಲ ಎರಡು ಮೂರು ಸೆಂ.ಮೀ. ಮಾತ್ರ. 1853ರಲ್ಲಿ ಲಿಂಡ್ಲೆ ಫಿಲಿಪ್ಪೀನ್ಸಿನಿಂದ ಬಂದ ಗಿಡವೊಂದನ್ನು ಇಂಟರ್ಮೀಡಿಯಾ ಎಂದು ವರ್ಣಿಸಿದ. ಅದು ಈಕ್ವೆಸ್ಟ್ರಿಸ್ ಮತ್ತು ದೊಡ್ಡ ಬಿಳಿಹೂವಿನ ಪ್ರಭೇದವೊಂದು ಕಾಡಿನಲ್ಲೇ ಕೂಡಿ ಹುಟ್ಟಿದ ಸಂಕರವಿರಬಹುದು ಎಂಬುದು ಅವನ ಊಹೆ. ಇಂಗ್ಲೆಂಡಿನ ವೀಚ್ ನರ್ಸರಿಯಲ್ಲಿ ಜಾನ್ ಸೀಡನ್ ಅದೇ ಜೋಡಿಯನ್ನು ಕೈಯಿಂದ ಪರಾಗಸ್ಪರ್ಶ ಮಾಡಿ ಬೆಳೆಸಿದ ಸಸಿ 1886ರಲ್ಲಿ ಹೂಬಿಟ್ಟಿತು, ಹೂ ಇಂಟರ್ಮೀಡಿಯಾದ್ದೇ! ಕಾಡಿನ ಗಿಡವೊಂದರ ಹುಟ್ಟನ್ನು ಕುಂಡದಲ್ಲಿ ಸಾಬೀತುಪಡಿಸಿದ ಈ ಪ್ರಯೋಗ ಆರ್ಕಿಡ್ ಚರಿತ್ರೆಯಲ್ಲಿ ಸಿಗಬೇಕಾದಷ್ಟು ಮನ್ನಣೆ ಪಡೆದಿಲ್ಲ. ಆ ಬಿಳಿಹೂವಿನ ಪ್ರಭೇದವಾದ ಅಫ್ರೊಡೈಟಿಯನ್ನು ಆಗ ಅಮಾಬಿಲಿಸ್ ಎಂದೇ ಕರೆಯುತ್ತಿದ್ದರು. ಆದ್ದರಿಂದ ಹಳೆಯ ದಾಖಲೆಗಳಲ್ಲಿನ ತಾಯ್ತಂದೆಯರ ಹೆಸರನ್ನು ಎಚ್ಚರದಿಂದ ಓದಬೇಕು.

ಆ ಕಾಲದಲ್ಲಿ ಬೀಜ ಮೊಳೆಸುವುದೇ ಕಷ್ಟವಾಗಿತ್ತು. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಅದರಲ್ಲಿ ಆಹಾರದ ಸಂಗ್ರಹವಿಲ್ಲ. ಕಾಡಿನಲ್ಲಿ ಶಿಲೀಂಧ್ರದ ನೆರವು ಬೇಕು. 1922ರಲ್ಲಿ ಲೂಯಿಸ್ ನಡ್‌ಸನ್ ಸಕ್ಕರೆ ಬೆರೆಸಿದ ಅಗರ್ ಮೇಲೆ ಶಿಲೀಂಧ್ರವಿಲ್ಲದೆ ಬೀಜ ಮೊಳೆಸುವ ವಿಧಾನವನ್ನು ಪ್ರಕಟಿಸಿದ ಮೇಲೆ ಸಂಕರಣ ಸುಲಭವಾಯಿತು. ಮುಂದೆ ಮೆರೆದದ್ದು ದೊಡ್ಡ ಬಿಳಿ ಹೂ: 1940ರಲ್ಲಿ ನೋಂದಾಯಿತವಾದ ಡೋರಿಸ್ ಎಂಬ ಸಂಕರದ ಸಂತತಿ. ಇವುಗಳಲ್ಲಿ ಅನೇಕವು ಚತುರ್ಗುಣಿತಗಳು, ಅಂದರೆ ವರ್ಣತಂತುಗಳ ನಾಲ್ಕು ಗಣಗಳುಳ್ಳವು. ದ್ವಿಗುಣಿತ ಈಕ್ವೆಸ್ಟ್ರಿಸ್ ಜೊತೆ ಕೂಡಿಸಿದರೆ ಸಾಮಾನ್ಯವಾಗಿ ತ್ರಿಗುಣಿತ ಮಕ್ಕಳು ಹುಟ್ಟುತ್ತವೆ. ಹೂ ಸಮೃದ್ಧ, ಬೀಜ ಮಾತ್ರ ಅಪರೂಪ. ಹಾಗಾಗಿ ಒಳ್ಳೆಯ ಗಿಡವನ್ನು ಅಂಗಾಂಶ ಕೃಷಿಯಿಂದಲೇ ಹೆಚ್ಚಿಸುತ್ತಾರೆ. ಆರ್ಕಿಡ್‌ಗಳಲ್ಲಿ ಮೊದಲು ಪೂರ್ಣ ಜೀನೋಮ್ ಓದಿದ್ದೂ ಈಕ್ವೆಸ್ಟ್ರಿಸ್‌ನದೇ.

ಮನೆಯಲ್ಲಿ ಸಾಕಣೆ

ಇವು ಮರದ ಮೇಲೆ ಬೆಳೆಯುವ ಸಸ್ಯಗಳ ವಂಶದವು, ಮಣ್ಣು ಸಲ್ಲದು. ಮರದ ತೊಗಟೆಯ ಚೂರು, ಇದ್ದಿಲು, ಹಲವು ಬಾರಿ ನೆನೆಸಿ ಉಪ್ಪು ಕಳೆದ ತೆಂಗಿನ ಸಿಪ್ಪೆಯ ತುಂಡು ಆಗುತ್ತದೆ. ಚಿಕ್ಕ ಕುಂಡ ಬೇಗ ಒಣಗುವುದರಿಂದ ವಾರದ ಲೆಕ್ಕ ಹಿಡಿದು ನೀರು ಹಾಕುವುದಕ್ಕಿಂತ ಬೇರನ್ನು ನೋಡುವುದು ಮೇಲು: ಒಣಗಿದಾಗ ಬೆಳ್ಳಿಯ ಬಣ್ಣ, ನೆನೆದಾಗ ಹಸಿರು. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಕೊಳೆಯುತ್ತದೆ. ಬೆಳಗಿನ ಎಳೆಬಿಸಿಲು ಅಥವಾ ಪರದೆಯಲ್ಲಿ ಸೋಸಿದ ಬೆಳಕು ಸಾಕು.

ಹೂ ಬಿಡದಿರುವುದಕ್ಕೆ ಗೊಬ್ಬರದ ಕೊರತೆಗಿಂತ ಹೆಚ್ಚಾಗಿ ಕಾರಣ ಶಾಖ. ಸತತ 28 ಡಿಗ್ರಿ ಸೆಲ್ಸಿಯಸ್ ಮೀರಿದರೆ ಎಲೆ ಬರುತ್ತದೆ, ದಂಡು ಬರುವುದಿಲ್ಲ. ಅದಕ್ಕಿಂತ ತಂಪಾದ ಕೆಲವು ವಾರಗಳು ಬೇಕು. ಬೆಂಗಳೂರಿನ ಚಳಿಗಾಲ ಇದಕ್ಕೆ ಒದಗುತ್ತದೆ; ಕರಾವಳಿಯಲ್ಲಿ ರಾತ್ರಿ ತಂಪು ಸಿಗುವ ಮೂಲೆಯನ್ನು ಹುಡುಕಬೇಕಾದೀತು.

ಮರಿಗಿಡ

ಹಳೆಯ ಹೂದಂಡಿನ ಗಿಣ್ಣಿನಲ್ಲಿ ಮರಿ ಮೂಡುವುದು ಈಕ್ವೆಸ್ಟ್ರಿಸ್‌ನ ಸ್ವಭಾವ. ಅನೇಕ ಸಂಕರಗಳಿಗೂ ಅದು ಇಳಿದಿದೆ. ಮರಿಗೆ ಎರಡಂಗುಲದ ಎರಡು ಮೂರು ಬೇರು ಬಂದ ಮೇಲೆ ದಂಡಿನ ತುಂಡಿನ ಸಮೇತ ಬೇರ್ಪಡಿಸಿ ನೆಡಬೇಕು. ಅದು ತಾಯಿಯ ತದ್ರೂಪಿಯಾದ್ದರಿಂದ ತಾಯಿಯ ಚೀಟಿಯಲ್ಲಿರುವ ಹೆಸರನ್ನೇ ಮರಿಯ ಕುಂಡಕ್ಕೂ ಬರೆದಿಡಬಹುದು. ಚೀಟಿ ಇಲ್ಲದೆ ಕೊಂಡ ಗಿಡಕ್ಕೆ ಮಾತ್ರ ಹೂ ನೋಡಿ ಸಂಕರದ ಹೆಸರಿಡುವುದು ಸರಿಯಲ್ಲ.