ಕೊಡಸಿಗ: ಗುರುತು ಮತ್ತು ಸಸ್ಯಾಭಿವೃದ್ಧಿ

ಪೀಠಿಕೆ

ಕರ್ನಾಟಕದ ಎಲೆ ಉದುರುವ ಕಾಡುಗಳಲ್ಲಿ ಕೊಡಸಿಗ ವ್ಯಾಪಕವಾಗಿ ಕಾಣಸಿಗುವ ಗಿಡ. ಬಹುಮಟ್ಟಿಗೆ ಪೊದೆಯಾಗಿರುತ್ತದೆ, ಕಡಿಯದೆ ಬಿಟ್ಟರೆ ಸಣ್ಣ ಮರವಾಗುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಇದರ ಹೂವನ್ನು ಒಣಗಿಸಿಟ್ಟುಕೊಂಡು ತಂಬುಳಿ ಮಾಡುತ್ತಾರೆ. ಇದರ ತೊಗಟೆಯೇ ಆಯುರ್ವೇದದ ಕುಟಜ. ಆಮಶಂಕೆ, ರಕ್ತಭೇದಿಗಳಿಗೆ ಕೊಡುವ ಕುಟಜಾರಿಷ್ಟದ ಮೂಲದ್ರವ್ಯ. ಆದರೆ ಮಾರುಕಟ್ಟೆಯ ಕುಟಜದಲ್ಲಿ ಕೊಡಸಿಗವನ್ನೇ ಹೋಲುವ ಹಾಲೆ ಎಂಬ ಗಿಡದ ತೊಗಟೆ, ಬೀಜಗಳು ಬೆರೆತು ಬರುವುದು ಹಳೆಯ ಸಮಸ್ಯೆ. ಇದನ್ನು ಪ್ರಯೋಗಾಲಯಕ್ಕೆ ಮುಟ್ಟುವ ಮೊದಲೇ, ನರ್ಸರಿಯ ಬೀಜದ ಹಂತದಲ್ಲೇ ತಡೆಯಬಹುದು ಎಂಬುದು ಈ ಲೇಖನದ ಪ್ರತಿಪಾದನೆ.

ಗೊಂದಲದ ಮೂಲ

ಕೊಡಸಿಗ ಹೊಲರ್ಹೆನಾ ಕುಲದ್ದು, ಹಾಲೆ ರೈಟಿಯಾ ಕುಲದ್ದು. ಎರಡೂ ಕಣಗಿಲೆಯ ಕುಟುಂಬಕ್ಕೆ ಸೇರಿದವು. ಎರಡರಲ್ಲೂ ಎಲೆಗಳು ಎದುರುಬದುರು, ಹೂ ಬಿಳಿ, ಕಾಯಿ ಉದ್ದನೆಯ ಜೋಡಿ ಕೋಡು. ಚಿವುಟಿದರೆ ಹಾಲು ಒಸರುತ್ತದೆ. ಊರೂರಿನ ಬಳಕೆಯಲ್ಲಿ ಕೊಡಮುರುಕ ಎಂಬ ಹೆಸರು ಎರಡಕ್ಕೂ ಸಲ್ಲುತ್ತದೆ. ಸಸ್ಯಶಾಸ್ತ್ರವೂ ಈ ತೊಡಕಿನಿಂದ ಪಾರಾಗಿಲ್ಲ. 1753ರಲ್ಲಿ ಲಿನ್ನೇಯಸ್ ಭೇದಿಯನ್ನು ನಿಲ್ಲಿಸುವ ಗಿಡವೆಂಬ ಅರ್ಥದಲ್ಲಿ ಕೊಟ್ಟ ಹೆಸರು ಇಂದು ಶ್ರೀಲಂಕಾದ ಒಂದು ರೈಟಿಯಾ ಪ್ರಭೇದಕ್ಕೆ ಉಳಿದುಕೊಂಡಿದೆ. ಎರಡೂ ಕುಲಗಳನ್ನು 1810ರಲ್ಲಿ ಪ್ರತ್ಯೇಕಿಸಿದವನು ರಾಬರ್ಟ್ ಬ್ರೌನ್.

ಗುರುತಿನ ಲಕ್ಷಣಗಳು

ಕೊಡಸಿಗದ ಎಲೆ ಸಾಮಾನ್ಯವಾಗಿ ದೊಡ್ಡದು. ಆದರೂ ಎಳೆಯ ಗಿಡಗಳಲ್ಲಿ ಎಲೆಯ ಅಳತೆಯನ್ನು ನಂಬುವಂತಿಲ್ಲ. ಹೂವಿನ ಗುರುತು ಖಚಿತ. ಹಾಲೆಯ ಹೂವಿನ ನಡುವೆ ಸೀಳುಸೀಳಾದ ಎಳೆಗಳ ಕಿರೀಟವಿದ್ದು, ಪರಾಗಕೋಶಗಳು ಶಂಕುವಿನಂತೆ ಕೂಡಿಕೊಂಡು ಹೊರಚಾಚಿರುತ್ತವೆ. ಕೊಡಸಿಗದ ಹೂವಿನಲ್ಲಿ ಕಿರೀಟವಿಲ್ಲ, ಪರಾಗಕೋಶಗಳು ನಳಿಕೆಯೊಳಗೇ ಅಡಗಿರುತ್ತವೆ. ಹಾಲೆಯ ಎಳೆಗಾಯಿಗಳ ತುದಿಗಳು ಅಂಟಿಕೊಂಡಿದ್ದು, ಬಲಿತ ಮೇಲೆ ಬಿಡಿಸಿಕೊಳ್ಳುತ್ತವೆ. ಕೊಡಸಿಗದಲ್ಲಿ ಮೊದಲಿನಿಂದಲೂ ಬಿಡಿ.

ಎಲ್ಲಕ್ಕಿಂತ ನೆಚ್ಚಬಹುದಾದದ್ದು ಬೀಜ. ಒಣಗಿದ ಕಾಯನ್ನು ಸೀಳಿ, ಬೀಜಗಳನ್ನು ಕದಲಿಸದೆ ನೋಡಬೇಕು. ಕೊಡಸಿಗದಲ್ಲಿ ರೇಷ್ಮೆಯಂಥ ಕೂದಲ ಕುಚ್ಚು ಬೀಜದ ಮೇಲ್ತುದಿಯಲ್ಲಿದ್ದು ಕಾಯಿಯ ತುದಿಯತ್ತ ಚಾಚಿರುತ್ತದೆ. ಹಾಲೆಯಲ್ಲಿ ಅದು ಬುಡದಲ್ಲಿದ್ದು ತೊಟ್ಟಿನತ್ತ ತಿರುಗಿರುತ್ತದೆ. ಕೊಡಸಿಗದ ಬೀಜ ಕಟುಕಹಿ, ಹಾಲೆಯದು ಹಾಗಲ್ಲ.

ಸಸ್ಯಾಭಿವೃದ್ಧಿ

ಹೂ ಬಿಟ್ಟಾಗಲೇ ತಾಯಿಗಿಡಗಳನ್ನು ಪರೀಕ್ಷಿಸಿ ಗುರುತು ಹಾಕಬೇಕು. ಕಾಯಿ ಕಂದುಬಣ್ಣಕ್ಕೆ ತಿರುಗಿ ಬಿರಿಯುವ ಮುನ್ನ ಕೊಯ್ಯಬೇಕು. ಬಿರಿದರೆ ಬೀಜ ಗಾಳಿಪಾಲು. ನೆರಳಿನಲ್ಲಿ ಒಣಗಿಸಿ, ಕುಚ್ಚು ಬಿಡಿಸಿ, ಹೊಸ ಬೀಜವನ್ನೇ ಬಿತ್ತುವುದು ಲೇಸು. ಪಾತಿಯಲ್ಲಿ ನೀರು ನಿಲ್ಲಬಾರದು. ಸಸಿಗಳನ್ನು ಮುಂಗಾರು ಹಿಡಿದ ಮೇಲೆ ನೆಡಬಹುದು. ಬೇರಿನಿಂದ ಏಳುವ ಮರಿಗಳನ್ನೂ ಕಿತ್ತು ನೆಡಬಹುದು. ಕಾಂಡದ ಸುತ್ತ ತೊಗಟೆ ಸುಲಿದರೆ ಗಿಡ ಸಾಯುತ್ತದೆ. ಬುಡ ಉಳಿಸಿ ಕಡಿದರೆ ಮತ್ತೆ ಚಿಗುರುತ್ತದೆ. ಆದ್ದರಿಂದ ತೊಗಟೆಗಾಗಿ ಬೆಳೆಸುವವರು ಕಡಿದ ಕೊಂಬೆಗಳಿಂದಲೇ ಅದನ್ನು ತೆಗೆಯಬೇಕು.

ಉಪಸಂಹಾರ

ಹಾಲೆಯನ್ನು ಕಳೆಯೆಂದು ಕಾಣಬೇಕಿಲ್ಲ. ಚನ್ನಪಟ್ಟಣದ ಗೊಂಬೆಗಳಿಗೆ ಬೇಕಾದ ನುಣುಪಾದ ಬಿಳಿ ಮರ ಅದರದೇ. ಎರಡೂ ತಂತಮ್ಮ ಕೆಲಸಕ್ಕೆ ಒದಗಬೇಕಾದರೆ ನರ್ಸರಿಗಳು ಬಿಡಿ ಬೀಜ ಕೊಳ್ಳುವುದನ್ನು ನಿಲ್ಲಿಸಬೇಕು. ಪ್ರತಿ ಬೀಜದ ಕಂತಿನೊಂದಿಗೆ ಬಿರಿಯದ ಕೆಲವು ಕಾಯಿಗಳನ್ನೂ ಕೇಳಿ ಪಡೆಯಬೇಕು. ಕುಚ್ಚಿನ ದಿಕ್ಕು ನೋಡಲು ಒಂದು ಚಾಕು ಸಾಕು.